ಹೋರಿಯ ವೀರ್ಯವನ್ನು ಕೆಡದಂತೆ ಕಾಪಾಡುವ ಕ್ರಮ

ಉತ್ತಮ ತಳಿಯ ಹೋರಿಯನ್ನು ಪ್ರತಿಯೊಂದು ಗ್ರಾಮದಲ್ಲಿಯೂ ಸಾಕುವುದು ಸಾಧ್ಯವಲ್ಲ. ಒಂದೇ ಹೋರಿಯ ವೀರ್ಯದಿಂದ ದೂರದೂರದ ಅನೇಕ ಹಸುಗಳಿಗೆ ಗಬ್ಬ ಕಟ್ಟಿಸುವ ಉಪಾಯವೇ ಕೃತಕ ಗರ್ಭಧಾರಣೆಯು. ಭಾರತದಲ್ಲಿ ಇದು 1939ನೆಯ ಇಸವಿಯಲ್ಲಿ ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಎಂಬವರಿಂದ ಮೊದಲಾಯಿತು. ಆದರೆ ಬಿತ್ತನೆಯ ಕಾಳಿಗೆ ಹುಳು ಹಿಡಿದರೆ ಕಣ್ಣಿಗೆ ಕಾಣುತ್ತದೆ. ಕೆಟ್ಟ ವೀರ್ಯವು ಕಾಣುವುದಿಲ್ಲ. ಆದಕಾರಣ ಅದನ್ನು ಕಾಪಾಡುವ ಕ್ರಮವನ್ನು ರೈತರೂ ಗ್ರಾಮದ ಮುಖಂಡರೂ ತಿಳಿದಿರುವುದು ಅವಶ್ಯಕ.

ತಯಾರಿಕೆ.— ಸಂಗ್ರಹಿಸಿದ ವೀರ್ಯವನ್ನು ಪಾತ್ರೆಸಹಿತ ಸುಮಾರು 34 ಡಿಗ್ರಿ ಸೆಂಟಿಗ್ರೇಡ್ ಶಾಖದ ನೀರಿನಲ್ಲಿಟ್ಟು, ವೀರ್ಯಾಣುಗಳ ಚಲನೆಯನ್ನು ಸೂಕ್ಷ್ಮದರ್ಶಕದಿಂದ ಪರೀಕ್ಷಿಸುತ್ತಾರೆ. ನೀರಿನ ಹನಿ, ಸಾಬೂನು, ಬಿಸಿಲು, ಧೂಳು ಇವೆಲ್ಲವೂ ವೀರ್ಯಕ್ಕೆ ಶತ್ರುಗಳು. ಅನಂತರ ಕೋಳಿಮೊಟ್ಟೆಯ ಹಳದಿ, ಗ್ಲಿಸರಿನ್ ಮೊದಲಾದವು ಸೇರಿದ ದ್ರಾವಣವನ್ನು ಬೆರೆಸುತ್ತಾರೆ. ಹಳದಿಯು ಚಳಿಯ ಆಘಾತವನ್ನು ತಡೆಯುತ್ತದೆ. ಗ್ಲಿಸರಿನ್ ಹಿಮದ ಹರಳುಗಳಿಂದಾಗುವ ನಾಶವನ್ನು ತಗ್ಗಿಸುತ್ತದೆ. ಈ ಗುಣವನ್ನು ಇಂಗ್ಲೆಂಡಿನ ಪೋಲ್ಜ್, ಸ್ಮಿತ್, ಪಾರ್ಕ್ಸ್ ಎಂಬ ವಿಜ್ಞಾನಿಗಳು 1949ರಲ್ಲಿ ಪ್ರಕಟಿಸಿದರು. ಹೀಗೆ ಬೆರೆಸಿದ್ದನ್ನು ಮೆಲ್ಲಮೆಲ್ಲನೆ ಸುಮಾರು 4 ಡಿಗ್ರಿಗೆ ತಣಿಸಿ, 0.25 ಮಿಲಿಲೀಟರ್ ಹಿಡಿಯುವ ನಳಿಕೆಗಳಲ್ಲಿ ತುಂಬಿ ಹೆಪ್ಪುಗಟ್ಟಿಸುತ್ತಾರೆ. ಮಾದರಿಗೆ ಕರಗಿಸಿ ನೋಡಿದ ನಳಿಕೆಯಲ್ಲಿ ವೀರ್ಯಾಣುಗಳ ಅರ್ಧಪಾಲಾದರೂ ಚಲಿಸದಿದ್ದರೆ ಆ ತಂಡವನ್ನು ತಿರಸ್ಕರಿಸತಕ್ಕದ್ದು.

ಶೇಖರಣೆ.— ನಳಿಕೆಗಳನ್ನು ಸೊನ್ನೆಗಿಂತ 196 ಡಿಗ್ರಿ ಕೆಳಗಿನ ಶೀತವುಳ್ಳ ದ್ರವ ಸಾರಜನಕದ ಜಾಡಿಯಲ್ಲಿ ಇಡುತ್ತಾರೆ. ಈ ಶೀತವು ಇರುವವರೆಗೆ ವೀರ್ಯವು ಅನೇಕ ವರ್ಷ ಕೆಡದು. ಗ್ರಾಮದ ಕೇಂದ್ರದಲ್ಲಿ ಈ ಕೆಳಗಿನ ನಿಯಮಗಳನ್ನು ತಪ್ಪದೆ ನಡೆಸಬೇಕು:

1. ಮುಚ್ಚಳವಿದ್ದರೂ ದ್ರವವು ದಿನದಿನವೂ ಆವಿಯಾಗುತ್ತಿರುತ್ತದೆ. ಒಣಗಿದ ಅಳತೆಕಡ್ಡಿಯನ್ನು ತಳದವರೆಗೆ ಇಳಿಸಿ ತೆಗೆದು ಆಡಿಸಿದರೆ, ಮಂಜು ಕಟ್ಟಿದಷ್ಟು ಎತ್ತರಕ್ಕೆ ದ್ರವವಿದೆಯೆಂದು ತಿಳಿಯತಕ್ಕದ್ದು. ಮಟ್ಟವು ತಗ್ಗುವ ಮೊದಲೇ ತುಂಬಿಸಬೇಕು.

2. ನಳಿಕೆಯನ್ನು ತೆಗೆಯುವಾಗ ಒಳಗಿನ ಡಬ್ಬಿಯನ್ನು ಜಾಡಿಯ ಕುತ್ತಿಗೆಯಿಂದ ಮೇಲಕ್ಕೆತ್ತಕೂಡದು. ಕೆಲವು ಕ್ಷಣಗಳಲ್ಲಿಯೇ ಕೆಳಗಿಳಿಸಬೇಕು.

3. ತೆಗೆದ ನಳಿಕೆಯನ್ನು 37 ಡಿಗ್ರಿ ಶಾಖದ ನೀರಿನಲ್ಲಿ 30 ಸೆಕೆಂಡು ಇಟ್ಟು, ನೀರನ್ನು ಚೆನ್ನಾಗಿ ಒರೆಸಿ, ವಿಳಂಬವಿಲ್ಲದೆ ಉಪಯೋಗಿಸಬೇಕು. ಕರಗಿದ್ದನ್ನು ಮತ್ತೆ ಜಾಡಿಗೆ ಹಾಕಕೂಡದು.

4. ದ್ರವವು ಮೈಗೆ ತಗುಲಿದರೆ ಸುಟ್ಟಂತೆ ಗಾಯವಾಗುತ್ತದೆ. ಜಾಡಿಯ ಬಾಯಿಯನ್ನು ಬಿಗಿಯಾಗಿ ಅಡಕಕೂಡದು. ಗಾಳಿಯಾಡುವ ಕೋಣೆಯಲ್ಲಿ ನೆಟ್ಟಗೆ ನಿಲ್ಲಿಸಿರಬೇಕು.

ಒಂದು ಸಲ ಗಬ್ಬ ನಿಲ್ಲದಿದ್ದರೆ ಮುಂದಿನ ಬೆದೆಗೆ ಸುಮಾರು 21 ದಿವಸ ಕಾಯಬೇಕು. ಆ ದಿನಗಳ ಮೇವು ವ್ಯರ್ಥ, ಕರುವೂ ಹಾಲೂ ತಡ. ಜಾಡಿಯ ದೋಷದಿಂದ ಹೀಗೆ ಎರಡು ಮೂರು ಸಲವಾದರೆ, ಒಳ್ಳೆಯ ಹಸುವನ್ನು ಗೊಡ್ಡೆಂದು ಮಾರಿ ನಷ್ಟಪಡುವವರೂ ಉಂಟು. ಆದುದರಿಂದ ಊರಿನಲ್ಲಿ ಅನೇಕ ಹಸುಗಳು ಒಟ್ಟಿಗೆ ಗಬ್ಬ ನಿಲ್ಲದೆ ಹೋದಲ್ಲಿ, ಹಸುವನ್ನು ದೂಷಿಸುವುದಕ್ಕೆ ಮುಂಚೆ ಮುಖಂಡರು ಕೇಂದ್ರಕ್ಕೆ ಹೋಗಿ ದ್ರವದ ಮಟ್ಟವನ್ನು ಅಳೆಯಿಸಿ ನೋಡತಕ್ಕದ್ದು.