ಮುಳ್ಳು ಕಳಚಿಕೊಂಡ ಮೀನು

ಸ್ಟಿಕಲ್‌ಬ್ಯಾಕ್ ಬೆರಳುದ್ದದ ಮೀನು. ಸಮುದ್ರದಲ್ಲಿರುವ ಬಳಗಕ್ಕೆ ಹೊಟ್ಟೆಯ ಇಕ್ಕೆಲದಲ್ಲೂ ಒಂದೊಂದು ಚೂಪು ಮುಳ್ಳು. ನುಂಗಲು ಬಂದ ದೊಡ್ಡ ಮೀನಿನ ಗಂಟಲಿಗೆ ಅದು ಅಡ್ಡಲಾಗಿ ಸಿಕ್ಕಿಕೊಳ್ಳುತ್ತದೆ. ಸುಮಾರು 10,000 ವರ್ಷಗಳ ಹಿಂದೆ ಹಿಮಯುಗ ಮುಗಿದು ನೀರ್ಗಲ್ಲು ಕರಗಿದಾಗ ಉತ್ತರ ಅಮೆರಿಕ ಮತ್ತು ಯುರೋಪಿನ ಕರಾವಳಿಯಲ್ಲಿ ಹೊಸ ಸರೋವರಗಳು ಹುಟ್ಟಿದವು. ಅಲ್ಲಿಗೆ ಸೇರಿಕೊಂಡ ಮೀನುಗಳು ಹಲವೆಡೆ ಈ ಮುಳ್ಳನ್ನೂ ಅದನ್ನು ಹೊತ್ತ ಸೊಂಟದೆಲುಬನ್ನೂ ಕಳೆದುಕೊಂಡಿವೆ. ಒಂದಕ್ಕೊಂದು ಸಂಬಂಧವೇ ಇಲ್ಲದ ಸರೋವರಗಳಲ್ಲಿ, ಮತ್ತೆ ಮತ್ತೆ.

ನಿಸರ್ಗದ ಆಯ್ಕೆ ಇದಕ್ಕೆ ಕಾರಣ ಕೊಡುತ್ತದೆ. ಕೆಲವು ಸರೋವರಗಳಲ್ಲಿ ಬೇಟೆಯಾಡುವ ಮೀನುಗಳಿಲ್ಲ, ಎಲುಬು ಕಟ್ಟಲು ಬೇಕಾದ ಕ್ಯಾಲ್ಸಿಯಂ ಕಡಿಮೆ. ಏರೋಪ್ಲೇನ್ ಚಿಟ್ಟೆಯ ಮರಿಗಳು ಮುಳ್ಳನ್ನೇ ಹಿಡಿದು ಮೀನನ್ನು ಎಳೆದುಕೊಳ್ಳುತ್ತಿರಬಹುದು ಎಂಬ ಊಹೆಯೂ ಇದೆ. ಆದರೆ ಎಲ್ಲೆಡೆ ಅದೇ ಬದಲಾವಣೆ ಆಯ್ಕೆಯ ಕೈಗೆ ಸಿಕ್ಕಿದ್ದು ಹೇಗೆ? ವಿಕಾಸವೆಂದರೆ ಆಯ್ಕೆಯಷ್ಟೇ ಎಂದು ಓದಿಕೊಂಡವರಿಗೆ ಈ ಪ್ರಶ್ನೆ ಹೊಳೆಯುವುದೇ ಕಷ್ಟ. ಉತ್ತರವಿರುವುದು ಭ್ರೂಣದಲ್ಲಿ.

ಸ್ಟ್ಯಾನ್‌ಫರ್ಡ್‌ನ ಡೇವಿಡ್ ಕಿಂಗ್ಸ್ಲಿ ಅವರ ತಂಡ 2004ರಲ್ಲಿ ಪಿಟ್‌ಎಕ್ಸ್1 ಎಂಬ ಜೀನಿನತ್ತ ಬೊಟ್ಟು ಮಾಡಿತು. ವಿಚಿತ್ರವೆಂದರೆ ಮುಳ್ಳಿಲ್ಲದ ಮೀನಿನಲ್ಲೂ ಆ ಜೀನು ತಯಾರಿಸುವ ಪ್ರೋಟೀನು ಕೆಟ್ಟಿರಲಿಲ್ಲ. ಕೆಡುವಂತೆಯೂ ಇಲ್ಲ: ದವಡೆಯನ್ನೂ ಪಿಟ್ಯುಟರಿ ಗ್ರಂಥಿಯನ್ನೂ ರೂಪಿಸಲು ಅದೇ ಬೇಕು. ಇಡೀ ಜೀನನ್ನು ಕಳೆದುಕೊಂಡ ಇಲಿಮರಿಗಳು ಹುಟ್ಟುತ್ತಲೇ ಸಾಯುತ್ತವೆ. ಮೀನಿನಲ್ಲಿ ಕಾಣೆಯಾಗಿದ್ದುದು ಜೀನಿನ ಪಕ್ಕದ ಡಿಎನ್‌ಎಯ ಒಂದು ಚೂರು. ಸೊಂಟದ ಭಾಗದಲ್ಲಿ ಮಾತ್ರ ಪಿಟ್‌ಎಕ್ಸ್1 ಅನ್ನು ಎಬ್ಬಿಸುವುದು ಅದರ ಕೆಲಸ. ಮೇನ್ ಮುಟ್ಟದೆ ಒಂದು ಕೋಣೆಯ ದೀಪವನ್ನಷ್ಟೇ ಆರಿಸಿದ ಹಾಗೆ.

2010ರಲ್ಲಿ ಇದೇ ತಂಡ ಆ ಚೂರಿನ ಜೊತೆಗೆ ಜೀನನ್ನೂ ಮುಳ್ಳಿಲ್ಲದ ಬಳಗದ ಮೊಟ್ಟೆಗಳಿಗೆ ಸೇರಿಸಿ ನೋಡಿತು. ಮರಿಗಳು ಬೆಳೆದಾಗ ಸೊಂಟದೆಲುಬು ಮತ್ತೆ ಮೂಡಿತ್ತು!

ಈ ಚೂರು ಸುಲಭವಾಗಿ ಮುರಿಯುವಂಥದ್ದು. ಒಂದೇ ಬಗೆಯ ಅಕ್ಷರಜೋಡಿಗಳು ಸಾಲಾಗಿ ಬಂದು ಅಲ್ಲಿ ಡಿಎನ್‌ಎ ತಿರುಚಿಕೊಳ್ಳುತ್ತದೆ, ತುಂಡಾಗುತ್ತದೆ ಎಂದು 2019ರಲ್ಲಿ ತಿಳಿಯಿತು. ಹಾಗಾಗಿ ಮುಳ್ಳಿಲ್ಲದ ಮರಿಗಳು ಆಗಾಗ ಹುಟ್ಟುತ್ತಲೇ ಇರುತ್ತವೆ. ಸಮುದ್ರದಲ್ಲಿ ಅವು ಬದುಕುವುದು ಕಷ್ಟ. ಸರೋವರದಲ್ಲಿ ಅವುಗಳದೇ ಮೇಲುಗೈ. ಯಾವುದು ಉಳಿಯಬೇಕೆಂಬುದು ಆಯ್ಕೆಯ ತೀರ್ಮಾನ, ಆದರೆ ಅದರ ಮುಂದೆ ಏನೇನು ಬರಬಹುದು ಎಂಬುದನ್ನು ಬೆಳವಣಿಗೆಯ ಈ ವ್ಯವಸ್ಥೆ ಮೊದಲೇ ಸೋಸಿರುತ್ತದೆ.

ಮುಳ್ಳು ಹೋದರೂ ಹಲವು ಮೀನುಗಳಲ್ಲಿ ಎಲುಬಿನ ತುಣುಕು ಉಳಿದಿರುತ್ತದೆ, ಮತ್ತು ಎಡಗಡೆಯದು ಬಲಗಡೆಯದಕ್ಕಿಂತ ದೊಡ್ಡದು. ಪಿಟ್‌ಎಕ್ಸ್1ನ ಸೋದರ ಜೀನೊಂದು ಎಡಭಾಗದಲ್ಲಿ ಚುರುಕಾಗಿದ್ದು ಕೊರತೆಯನ್ನು ಒಂದಿಷ್ಟು ತುಂಬುವುದೇ ಇದಕ್ಕೆ ಕಾರಣವೆನ್ನಲಾಗಿದೆ. ಹಿಂಗಾಲು ಕಳೆದುಕೊಂಡ ಮ್ಯಾನಟೀ ಎಂಬ ಕಡಲಹಸುವಿನ ಸೊಂಟದೆಲುಬಿನಲ್ಲೂ ಎಡಗಡೆಯದೇ ದೊಡ್ಡದಿರುವುದನ್ನು ವಿಜ್ಞಾನಿಗಳು ಅಳೆದು ನೋಡಿದ್ದಾರೆ.