ಕರ್ನಲ್ ಡ್ರೈವರ್‌ನ ಟೈಪ್ ಎಚ್ಚರಿಕೆ: ಕಾಸ್ಟ್ ಮದ್ದಲ್ಲ

ಗಜೇಂದ್ರಗಡದ ಗುಡ್ಡಗಳ ಮೇಲೆ ಗಾಳಿಯಂತ್ರಗಳ ಸಾಲಿದೆ. ಅಂಥ ಗುಡ್ಡದ ಮೇಲೆ ಗಾಳಿಯ ವೇಗ ಅಳೆಯುವ ಸಂವೇದಕವೊಂದಕ್ಕೆ ನೀವೇ ಲಿನಕ್ಸ್ ಡ್ರೈವರ್ ಬರೆದಿರಿ ಎಂದಿಟ್ಟುಕೊಳ್ಳಿ. ಮಾಡ್ಯೂಲ್ ಲೋಡ್ ಆಯಿತು, ಅಂಕಿಯೂ ಬಂತು. ಆದರೆ ಕಂಪೈಲರ್ ನಾಲ್ಕಾರು ಎಚ್ಚರಿಕೆ ಉಗುಳಿದೆ. ಹೊಸಬರು ತಕ್ಷಣ ಮಾಡುವ ಕೆಲಸ ಒಂದೇ: ಕಾಸ್ಟ್ ಹಾಕಿ ಅದರ ಬಾಯಿ ಮುಚ್ಚಿಸುವುದು. ತಪ್ಪು ಅಲ್ಲೇ ಉಳಿಯುತ್ತದೆ, ಸುಳಿವು ಮಾತ್ರ ಅಳಿಸಿಹೋಗುತ್ತದೆ.

ಹೆಚ್ಚು ಅಪಾಯ ಇರುವುದು ಚಿಹ್ನೆಯ ಗೊಂದಲದಲ್ಲಿ. ಕೆಲಸ ಕೆಟ್ಟರೆ ಋಣಸಂಖ್ಯೆ ಮರಳಿಸುವುದು ಕರ್ನಲ್ ಫಂಕ್ಷನ್‌ಗಳ ವಾಡಿಕೆ. ಐ2ಸಿ ಬಸ್‌ನಲ್ಲಿ ಓದುವಾಗ ತೊಂದರೆಯಾಗಿ -5 ಬಂತೆನ್ನಿ. ಅದನ್ನು 32 ಬಿಟ್‌ನ ಅನ್‌ಸೈನ್ಡ್ ವೇರಿಯಬಲ್‌ಗೆ ತುಂಬಿದರೆ 4294967291 ಆಗುತ್ತದೆ! ಆಮೇಲೆ ‘ಸೊನ್ನೆಗಿಂತ ಕಡಿಮೆಯೇ’ ಎಂದು ಎಷ್ಟು ಸಲ ಪರೀಕ್ಷಿಸಿದರೂ ಉತ್ತರ ‘ಇಲ್ಲ’. ಡ್ರೈವರ್ ಆ ಕಸವನ್ನೇ ಗಾಳಿಯ ವೇಗವೆಂದು ಒಪ್ಪಿಸುತ್ತದೆ. ಮರಳಿದ ಮೌಲ್ಯವನ್ನು ಮೊದಲು ಇಂಟ್‌ನಲ್ಲಿ ಹಿಡಿಯಿರಿ, ಪರೀಕ್ಷಿಸಿ, ಸರಿಯಿದ್ದರೆ ಮಾತ್ರ ಯು16ಕ್ಕೆ ಸಾಗಿಸಿ. ಇಂಥ ಎಚ್ಚರಿಕೆ ಮಾಮೂಲಿ ಬಿಲ್ಡ್‌ನಲ್ಲಿ ಕಾಣದೆ ಹೋಗಬಹುದು; ಮೇಕ್ ಆಜ್ಞೆಗೆ ಡಬ್ಲ್ಯು=1, ಡಬ್ಲ್ಯು=2 ಸೇರಿಸಿಯೂ ನೋಡಿ.

ಇನ್ನೊಂದು ಕಾಟ ಬೈಟ್‌ಗಳ ಕ್ರಮದ್ದು. ಸಂವೇದಕ ದೊಡ್ಡ ಬೈಟ್ ಮೊದಲು ಕಳಿಸುತ್ತದೆ, ನಿಮ್ಮ ಪ್ರೊಸೆಸರ್ ಚಿಕ್ಕದನ್ನು ಮೊದಲು ಓದುತ್ತದೆ: 25 ಇದ್ದದ್ದು 6400 ಆಗಿ ಕೂರುತ್ತದೆ. ಬಫರನ್ನು ಬಿಇ16 ಎಂದು ಘೋಷಿಸಿ, ಬಿಇ16_ಟು_ಸಿಪಿಯು ಮೂಲಕ ತಿರುಗಿಸಿ. ಈ ಹೆಜ್ಜೆ ಮರೆತರೆ ಎಚ್ಚರಿಸುವುದು ಸ್ಪಾರ್ಸ್. ಲಿನಸ್ ಟೊರ್ವಾಲ್ಡ್ಸ್ 2003ರಲ್ಲಿ ಬರೆಯತೊಡಗಿದ ಸಾಧನ ಅದು. ಮೇಕ್ ಸಿ=2 ಎಂದರೆ ಎಲ್ಲ ಕಡತಗಳನ್ನೂ ಜಾಲಾಡುತ್ತದೆ.

ಪ್ರಿಂಟ್‌ಕೆ ಎಚ್ಚರಿಕೆಗಳು ಸುಲಭದವು. ಲಾಂಗ್, ಸೈಜ್_ಟಿ ಎರಡೂ ಲಿನಕ್ಸ್‌ನ 32 ಬಿಟ್ ಯಂತ್ರದಲ್ಲಿ 4 ಬೈಟ್, 64ರಲ್ಲಿ 8 ಬೈಟ್. ಸೈಜ್_ಟಿಗೆ %ಝಡ್‌ಯು, ಯು64ಕ್ಕೆ %ಎಲ್‌ಎಲ್‌ಯು ಬರೆದರೆ ಎರಡೂ ಕಡೆ ತಕರಾರಿಲ್ಲ. ಪಾಯಿಂಟರನ್ನು ಇಂಟ್‌ಗೆ ತುರುಕುವುದಂತೂ ಬೇಡವೇ ಬೇಡ: 64 ಬಿಟ್ ಯಂತ್ರದಲ್ಲಿ ವಿಳಾಸದ ಅರ್ಧ ಕತ್ತರಿಸಿಹೋಗುತ್ತದೆ. ಅನಿವಾರ್ಯವಾದರೆ ಅನ್‌ಸೈನ್ಡ್ ಲಾಂಗ್ ಬಳಸಿ.

ಹಿಡಿಸದ ಅಳತೆಗೆ ಅಂಕಿ ತುಂಬಿದರೆ ಏನಾಗುತ್ತದೆಂದು ಜಗತ್ತು 1996ರ ಜೂನ್ 4ರಂದು ಕಂಡಿದೆ. 64 ಬಿಟ್‌ನ ದಶಮಾಂಶ ಸಂಖ್ಯೆಯೊಂದು 16 ಬಿಟ್‌ನ ಪೂರ್ಣಾಂಕಕ್ಕೆ ಹಿಡಿಸದೆ, ಯೂರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಛಿದ್ರವಾಯಿತು.

ಕರ್ನಲ್ ತಿದ್ದುಪಡಿಗಳು ಇಂದಿಗೂ ಇಮೇಲ್‌ನಲ್ಲೇ ಹೋಗುತ್ತವೆ. ರೋಣದಲ್ಲೋ ನರಗುಂದದಲ್ಲೋ ಕೂತೇ ಕಳಿಸಬಹುದು, ಬೆಂಗಳೂರಿನ ಬಸ್ ಹತ್ತಬೇಕಿಲ್ಲ. ಯಾರಿಗೆ ಕಳಿಸಬೇಕೆಂದು ಗೆಟ್_ಮೇಂಟೇನರ್ ಸ್ಕ್ರಿಪ್ಟ್ ಹೇಳುತ್ತದೆ, ಬರಹದ ಓರೆಕೋರೆಯನ್ನು ಚೆಕ್‌ಪ್ಯಾಚ್ ತೋರಿಸುತ್ತದೆ. ವಿವರಣೆಯಲ್ಲಿ ‘ಎಚ್ಚರಿಕೆ ಹೋಯಿತು’ ಎಂದಷ್ಟೇ ಬರೆಯಬೇಡಿ. ಯಾವ ಯಂತ್ರದಲ್ಲಿ, ಯಾವ ಅಂಕಿ ಕೆಡುತ್ತಿತ್ತು ಎಂಬುದನ್ನು ಬರೆಯಿರಿ. ಕಳಿಸುವ ಮುನ್ನ 32 ಮತ್ತು 64 ಬಿಟ್ ಎರಡಕ್ಕೂ ಕಂಪೈಲ್ ಮಾಡಿ ನೋಡಿ.