ಸಿಸ್ಟರ್, ಒಂದು ನಿಮಿಷ!

ಸಂಜೆ ಐದರ ಹೊತ್ತಿಗೆ ನಮ್ಮ ಜಯನಗರ, ಬನಶಂಕರಿ ಕಡೆಯ ಯಾವುದಾದರೂ ಆಸ್ಪತ್ರೆಯ ವಾರ್ಡಿನಲ್ಲಿ ನಿಂತು ನೋಡಿ. ಫ್ಲಾಸ್ಕು, ಎಳನೀರು ಹಿಡಿದು ಬಂಧುಗಳು ಬರುವ ಸಮಯ. ಔಷಧದ ಟ್ರೇ ಹಿಡಿದ ನರ್ಸ್ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎಲ್ಲ ಕಡೆಯಿಂದ ಒಂದೇ ಕರೆ: 'ಸಿಸ್ಟರ್, ಒಂದು ನಿಮಿಷ!' ಒಬ್ಬರ ಫ್ಯಾನ್ ತಿರುಗುತ್ತಿಲ್ಲ, ಇನ್ನೊಬ್ಬರಿಗೆ ವಿಮೆಯ ಕಾಗದ ಬೇಕು, ಮತ್ತೊಬ್ಬರಿಗೆ ಡಾಕ್ಟರು ಯಾವಾಗ ಬರುತ್ತಾರೆಂದು ತಿಳಿಯಬೇಕು. ನಡುವೆ ಫೋನಿನ ಗಂಟೆ ಬೇರೆ.

ಆ ಒಂದು ನಿಮಿಷದ ಬೆಲೆ ನನಗೆ ತಿಳಿದದ್ದು ನನ್ನದೇ ತಪ್ಪಿನಿಂದ. ಕೆಲವು ವರ್ಷಗಳ ಹಿಂದಿನ ಮಾತು. ರೋಗಿಯೊಬ್ಬರಿಗೆ ಇನ್ಸುಲಿನ್ ಚುಚ್ಚಿ, ಚಾರ್ಟಿನಲ್ಲಿ ಬರೆಯಲು ಹೊರಟಿದ್ದ ನರ್ಸನ್ನು ಯಾವುದೋ ರಿಪೋರ್ಟಿಗಾಗಿ ನಾನೇ ಕೂಗಿ ಕರೆದೆ. ಬರೆಯುವುದು ಮರೆತುಹೋಯಿತು. ಅಷ್ಟರಲ್ಲಿ ಪಾಳಿ ಬದಲಾಯಿತು. ಹೊಸದಾಗಿ ಬಂದವರು ಚಾರ್ಟ್ ಖಾಲಿ ಇರುವುದನ್ನು ಕಂಡು ಮತ್ತೆ ಸಿರಿಂಜ್ ತುಂಬಿಸಿದರು. 'ಈಗ ತಾನೇ ಕೊಟ್ಟರಲ್ಲಮ್ಮಾ?' ಎಂದು ರೋಗಿಯೇ ಕೇಳಿದ್ದರಿಂದ ಅನಾಹುತ ತಪ್ಪಿತು. ಇಲ್ಲವಾದರೆ ಸಕ್ಕರೆ ಅಂಶ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದಿತ್ತು.

ಔಷಧ ಕೊಡುವಾಗ ನರ್ಸ್ ಐದು ಸಂಗತಿ ಸರಿ ನೋಡಬೇಕು: ರೋಗಿ, ಔಷಧ, ಪ್ರಮಾಣ, ಕೊಡುವ ಮಾರ್ಗ, ಸಮಯ. ಇನ್ಸುಲಿನ್ನನ್ನೇ ತೆಗೆದುಕೊಳ್ಳಿ. ಮಿಲಿಲೀಟರಿಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ಅದಲು ಬದಲಾದರೆ ಪ್ರಮಾಣ ಎರಡೂವರೆ ಪಟ್ಟು ಏರುಪೇರು!

ಸಿಡ್ನಿಯ ಎರಡು ಆಸ್ಪತ್ರೆಗಳಲ್ಲಿ 98 ನರ್ಸುಗಳ ಕೆಲಸ ಗಮನಿಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಔಷಧ ಕೊಡುವಾಗ ಅರ್ಧಕ್ಕಿಂತ ಹೆಚ್ಚು ಸಲ ಅಡಚಣೆಯಾಗಿತ್ತು. ಒಂದೊಂದು ಅಡಚಣೆಗೂ ತಪ್ಪುಗಳು ಸುಮಾರು ಶೇ 12ರಷ್ಟು ಹೆಚ್ಚಿದ್ದವು.

ಅಡಚಣೆಗೆ ಬಂಧುಗಳಷ್ಟೇ ಕಾರಣರಲ್ಲ. ನಾವು ವೈದ್ಯರೂ ಕಾರಣ. ಸಿಬ್ಬಂದಿ ಕೊರತೆ, ಹುಡುಕಿದರೂ ಸಿಗದ ಬಿ.ಪಿ. ಯಂತ್ರವೂ ಕಾರಣ. ಅವನ್ನು ಆಸ್ಪತ್ರೆಗಳೇ ಸರಿಪಡಿಸಬೇಕು. ನೀವು ಮಾಡಬಹುದಾದದ್ದು ಇಷ್ಟು:

* ಟ್ರೇ ಕೈಯಲ್ಲಿದ್ದಾಗ, ಸಿರಿಂಜ್ ತುಂಬುವಾಗ, ಚಾರ್ಟ್ ಬರೆಯುವಾಗ ನರ್ಸನ್ನು ಮಾತಿಗೆ ಎಳೆಯಬೇಡಿ.
* ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದಿಟ್ಟು ಒಟ್ಟಿಗೆ ಕೇಳಿ. ಮನೆಯವರ ಪರವಾಗಿ ಒಬ್ಬರೇ ಮಾತನಾಡಿ.
* ಬಿಲ್ಲು, ವಿಮೆ, ಫ್ಯಾನಿನ ವಿಷಯವನ್ನು ಸಂಬಂಧಪಟ್ಟ ಕೌಂಟರಿನಲ್ಲಿ ವಿಚಾರಿಸಿ.
* ನಿಮ್ಮ ರೋಗಿಗೆ ಔಷಧ ಕೊಡುವ ಮುನ್ನ 'ಇದು ಯಾವುದು, ಏತಕ್ಕೆ?' ಎಂದು ಧಾರಾಳವಾಗಿ ಕೇಳಿ. ಅದು ಅಡಚಣೆಯಲ್ಲ, ರಕ್ಷಣೆ.

ಆದರೆ ಉಸಿರಾಟದ ತೊಂದರೆ, ಎದೆನೋವು, ರಕ್ತಸ್ರಾವ, ಮಂಪರು, ಔಷಧದ ನಂತರ ಗಂದೆ ಕಾಣಿಸಿಕೊಂಡರೆ ಒಂದು ಕ್ಷಣವೂ ಕಾಯದೆ ಕರೆಯಿರಿ. ಉಳಿದ ಹೊತ್ತಿನಲ್ಲಿ ಆ ಒಂದು ನಿಮಿಷವನ್ನು ಸಿಸ್ಟರಿಗೇ ಬಿಟ್ಟುಕೊಡಿ. ಅದು ನಿಮ್ಮ ರೋಗಿಗೇ ಸಲ್ಲುತ್ತದೆ.